ಮರಿಯಯ್ಯನ ಕಲ್ಲಂಗಡಿ ಮುಖಂಡರು

ನಾಗಮಂಗಲದಲ್ಲಿ ಈಗ ಊಟಕ್ಕಿಂತ ಮೊದಲು ಊಟದ ಮೇಜನ್ನು ನೋಡಬೇಕು. ಮದುವೆಯಿರಲಿ, ಸೀಮಂತವಿರಲಿ, ಹೊಸ ವರ್ಷದ ಪಾರ್ಟಿಯಿರಲಿ, ಬಾಗಿಲಲ್ಲೇ ಒಂದು ಮೇಜು. ಅದರ ಮೇಲೆ ಸೌತೆಕಾಯಿಯ ಮೊಸಳೆ, ಅನಾನಸ್ಸಿನ ನವಿಲು, ಬದನೆಕಾಯಿಯ ಪೆಂಗ್ವಿನ್ನು, ಪಕ್ಕದಲ್ಲಿ ಪುಟ್ಟ ಕೊಡೆ ಸಿಕ್ಕಿಸಿದ ಬಣ್ಣದ ಪಾನಕ. ಪೆಂಗ್ವಿನ್ನಿಗೂ ನಾಗಮಂಗಲ ತಾಲ್ಲೂಕಿಗೂ ಏನು ನಂಟು ಎಂದು ಯಾರೂ ಕೇಳಲಿಲ್ಲ. ಬದನೆಕಾಯಿ ಇತ್ತು, ಅಷ್ಟು ಸಾಕಾಯಿತು. ಮೇಜಿನ ಮುಂದೆ ನಿಂತು ಫೋಟೋ ತೆಗೆಸಿಕೊಂಡ ಮೇಲೆಯೇ ಹಸಿವಿಗೆ ಅಪ್ಪಣೆ.

ಈ ನಾಗರಿಕತೆಯನ್ನು ತಾಲ್ಲೂಕಿಗೆ ತಂದವನು ತಾನು ಎಂದು ಮರಿಯಯ್ಯ ಹೇಳಿಕೊಳ್ಳುತ್ತಾನೆ. ಆ ಪಾಪವನ್ನು ತಮ್ಮದೆಂದು ಒಪ್ಪಿಕೊಳ್ಳಲು ಬೇರೆ ಯಾರೂ ಮುಂದೆ ಬಂದಿಲ್ಲವಾದ್ದರಿಂದ ಅವನ ಮಾತನ್ನೇ ನಂಬಬೇಕಾಗಿದೆ.

ಮರಿಯಯ್ಯ ದೇವಲಾಪುರದ ಕಡೆಯವನು. ಹೊಲಕ್ಕೂ ಅವನಿಗೂ ಚಿಕ್ಕಂದಿನಿಂದಲೇ ಆಗಿಬರಲಿಲ್ಲ. ನೇಗಿಲು ಕೈಗೆ ಕೊಟ್ಟರೆ ಸಾಲು ಹಾವಿನಂತೆ ಹರಿದಾಡುತ್ತಿತ್ತು. ಅಪ್ಪ ಬಾರುಕೋಲು ಎತ್ತಿದರೆ, "ನೋಡಕ್ ಚೆಂದಾಗೈತಲ್ಲಪ್ಪ" ಎನ್ನುತ್ತಿದ್ದ. ಕೊನೆಗೆ ಎತ್ತುಗಳ ಮೇಲೆ ಕರುಣೆ ಬಂದು ಅಪ್ಪನೇ ಅವನನ್ನು ಬೆಳ್ಳೂರು ಕ್ರಾಸಿಗೆ ಕಳಿಸಿದ. ಅಲ್ಲಿ ಹೈವೇ ಪಕ್ಕ ತಳ್ಳುಗಾಡಿ ನಿಲ್ಲಿಸಿಕೊಂಡು ಮರಿಯಯ್ಯ ಪರಂಗಿ, ಅನಾನಸ್, ಕಲ್ಲಂಗಡಿ ಹೆಚ್ಚಿ, ಉಪ್ಪು ಖಾರ ಉದುರಿಸಿ ಮಾರುವ ವ್ಯಾಪಾರ ಹಿಡಿದ. ಬೇರೆ ಗಾಡಿಯವರು ಹಣ್ಣನ್ನು ಹಣ್ಣಿನ ಹಾಗೆ ಹೆಚ್ಚುತ್ತಿದ್ದರು. ಇವನು ಪರಂಗಿಯನ್ನು ನಕ್ಷತ್ರದ ಆಕಾರಕ್ಕೆ ಹೆಚ್ಚಲು ಕೂರುತ್ತಿದ್ದ. ಹಾಸನದ ಬಸ್ಸು ಬಂದು, ನಿಂತು, ಹೊರಟೂ ಹೋಗುತ್ತಿತ್ತು. ನಕ್ಷತ್ರಕ್ಕೆ ಇನ್ನೂ ಎರಡು ಮೂಲೆ ಬಾಕಿ ಇರುತ್ತಿತ್ತು.

ಹೀಗಿರುವಾಗ ನೆಂಟರ ಮದುವೆಗೆಂದು ಮೈಸೂರಿಗೆ ಹೋದವನು ಅಲ್ಲಿಯ ಛತ್ರದಲ್ಲಿ ಕಲ್ಲಂಗಡಿಯಲ್ಲಿ ಕೆತ್ತಿದ ಗುಲಾಬಿ ಹೂವನ್ನು ನೋಡಿಬಿಟ್ಟ. ಹುಡುಗನ ಕಡೆಯವರು ಯಾರು, ಹುಡುಗಿ ಕಡೆಯವರು ಯಾರು, ಊಟಕ್ಕೆ ಏನಿತ್ತು, ಯಾವುದೂ ಅವನ ತಲೆಗೆ ಹತ್ತಲಿಲ್ಲ. ಮನೆಗೆ ಬಂದವನೇ ಒಂದು ಸಣ್ಣ ಚೂಪಾದ ಚಾಕು ಕೊಂಡು, ಗಾಡಿಯ ಕಲ್ಲಂಗಡಿಗಳನ್ನೆಲ್ಲ ಕೊಟ್ಟಿಗೆಗೆ ಸಾಗಿಸಿ, ಕೆತ್ತಲು ಶುರುಮಾಡಿದ. ಹೂವೆಂದು ಹೊರಟದ್ದು ಎಲೆಕೋಸಾಗಿ ಮುಗಿಯುತ್ತಿತ್ತು. ಕೆಟ್ಟದ್ದೆಲ್ಲ ಹಸುವಿನ ಬಾನಿಗೆ. ಆ ವರ್ಷ ಅವರ ಹಸು ಬೀದಿಯಲ್ಲೇ ಹೆಸರುವಾಸಿಯಾಗುವಷ್ಟು ದುಂಡಗಾಯಿತು.

"ಅಸ ತಿನ್ನಕೆ ಇಷ್ಟೊಂದ್ ಸಿಂಗಾರ ಯಾಕಂತ?" ಎಂದು ಅವನ ಹೆಂಡತಿ ಸಿದ್ದಲಿಂಗಮ್ಮ ಕೇಳಿದಳು.

"ಕಲೆ ಕಣಮ್ಮಿ ಇದು. ನಿಂಗ್ ತಿಳಿಯಕಿಲ್ಲ."

"ಅಸೀಗ್ ತಿಳೀತದಾ?"

ಮರಿಯಯ್ಯ ಇನ್ನೊಂದು ಕಲ್ಲಂಗಡಿ ಎತ್ತಿಕೊಂಡ. ಕಲಾವಿದನಾದವನು ಎಲ್ಲದಕ್ಕೂ ಉತ್ತರ ಕೊಡಬಾರದು ಎಂಬುದನ್ನು ಅವನು ಆಗಲೇ ಕಲಿತಿದ್ದ.

ಹೂವು ಕೈಗೆ ಹತ್ತಿದ ಮೇಲೆ ಮುಖ ಕೆತ್ತುವ ಆಸೆ ಹುಟ್ಟಿತು. ಮುಖ ಕೆತ್ತಬೇಕಾದರೆ ಎದುರಿಗೆ ಯಾರಾದರೂ ಕೂರಬೇಕು. ಹೆಂಡತಿ ಕೂರುವವಳಲ್ಲ. ಮಕ್ಕಳು ನಿಂತಲ್ಲಿ ನಿಲ್ಲುವವರಲ್ಲ. ಹೇಳಿದಲ್ಲಿ ಹೇಳಿದಷ್ಟು ಹೊತ್ತು ಕೂರುವ ಮನುಷ್ಯ ಆ ಮನೆಯಲ್ಲಿ ಒಬ್ಬರೇ, ಮಾವ ಶಿವಲಿಂಗಯ್ಯ. ಮಗಳ ಮನೆಗೆ ಬಂದು ನೆಲೆಸಿದಂದಿನಿಂದ ಅವರಿಗೆ ಜಗಲಿಯ ಮೇಲೆ ಕೂರುವುದೇ ಉದ್ಯೋಗವಾಗಿತ್ತು. ಜೋತುಬಿದ್ದ ಕೆನ್ನೆ, ಮೊರದಗಲ ಕಿವಿ, ಈಗಲೋ ಆಗಲೋ ಏನೋ ತಕರಾರು ಹೇಳುವಂತೆ ಮುಂದೆ ಚಾಚಿದ ಕೆಳತುಟಿ. ಮರಿಯಯ್ಯ ಎದುರಿಗೆ ಹಣ್ಣಿಟ್ಟುಕೊಂಡು ಕೂತರೆ ಅವರು ಕಣ್ಣು ಮುಚ್ಚುತ್ತಿದ್ದರು.

"ಮಾವ, ಅಳ್ಳಾಡ್ಬ್ಯಾಡಿ."

"ನಾನೆಲ್ ಅಳ್ಳಾಡ್ದೆ? ನಿದ್ದೆ ಬಂದಿತ್ತು ಕಣಪ್ಪ."

ಕೆತ್ತನೆ ಮುಗಿದ ಮೇಲೆ ಒಳಗಿನ ತಿರುಳು ಅವರಿಗೆ. ತಮ್ಮ ತಲೆಯೊಳಗಿನದನ್ನು ತಾವೇ ಚಮಚದಲ್ಲಿ ತೋಡಿ ತಿನ್ನುವ ಭಾಗ್ಯ ಎಷ್ಟು ಜನಕ್ಕೆ ಸಿಗುತ್ತದೆ! ಮಾವ ಅಳಿಯ ಇಬ್ಬರೂ ಹೀಗೆ ಎರಡು ಬೇಸಿಗೆ ಕಳೆದರು.

ಆಮೇಲೆ ಮರಿಯಯ್ಯನಿಗೆ ಬಿಡುವೇ ಇಲ್ಲವಾಯಿತು. ಮೊದಲು ಒಂದು ನಾಮಕರಣ, ಆಮೇಲೆ ಒಂದು ಗೃಹಪ್ರವೇಶ, ಆಮೇಲೆ ಮದುವೆಯ ಮೇಲೆ ಮದುವೆ. ನಾಗಮಂಗಲದಿಂದ ಕೆ.ಆರ್. ಪೇಟೆಯವರೆಗೆ ಯಾವ ಛತ್ರಕ್ಕೆ ಹೋದರೂ ಮೇಜಿನ ನಡುವೆ ಅವನು ಕೆತ್ತಿದ ವಧೂವರರ ಮುಖ. ಕೆಳಗೆ ಕ್ಯಾರೆಟ್ಟಿನಲ್ಲಿ ಕೊರೆದ ಹೆಸರು. ಹೆಸರಿದ್ದ ಮೇಲೆ ಮುಖ ಹೋಲಲೇಬೇಕಲ್ಲ! "ಥೇಟ್ ನಮ್ ಉಡ್ಗೀನೇ" ಎಂದು ಹೆಣ್ಣಿನ ತಾಯಂದಿರು ಕಣ್ಣು ಒರೆಸಿಕೊಂಡರು. ಎಲ್ಲೋ ಒಬ್ಬ ಅತ್ತೆ ಮಾತ್ರ, ಸೊಸೆಯ ಕೆಳತುಟಿ ಯಾಕೋ ಹೀಗಿದೆ, ಹಟಮಾರಿ ಇರಬೇಕು ಎಂದು ಅನುಮಾನಿಸಿದಳು. ಮದುವೆಯಾದ ತಿಂಗಳಿಗೆ ಅದು ನಿಜವೂ ಆಯಿತಂತೆ. ಮರಿಯಯ್ಯನಿಗೆ ಮನಸ್ಸಿನೊಳಗಿನದೂ ಕಾಣುತ್ತದೆ ಎಂಬ ಸುದ್ದಿ ಹಬ್ಬಿತು. ಅವನು 'ಹಣ್ಣು-ತರಕಾರಿ ಶಿಲ್ಪಿ' ಎಂದು ಕಾರ್ಡು ಅಚ್ಚು ಹಾಕಿಸಿದ, ಹೆಗಲ ಮೇಲೆ ಒಂದು ಜೋಳಿಗೆ ಹಾಕಿಕೊಂಡ, ಮಾತಾಡುವಾಗ ಆಗಾಗ ಆಕಾಶ ನೋಡುವುದನ್ನು ರೂಢಿ ಮಾಡಿಕೊಂಡ.

ಇಂಥ ಕಾಲದಲ್ಲಿ ಕೊಬ್ಬರಿ ಮಂಡಿಯ ನಂಜಪ್ಪನವರ ಮನೆಯಿಂದ ಕರೆ ಬಂತು.

ನಂಜಪ್ಪ ಪುರಸಭೆಗೆ ನಿಲ್ಲಬೇಕೆಂದು ತೀರ್ಮಾನಿಸಿದ್ದರು. ಅಂದರೆ, ಜನ ಬಲವಂತ ಮಾಡುತ್ತಿದ್ದಾರೆ ಎಂದು ಅವರೇ ಎಲ್ಲರಿಗೂ ಹೇಳಿಕೊಂಡು ಬರುತ್ತಿದ್ದರು. ಯಾವ ಪಕ್ಷ ಎಂಬುದು ಮಾತ್ರ ಇನ್ನೂ ತೀರ್ಮಾನವಾಗಿರಲಿಲ್ಲ. ಯಾರು ಮೊದಲು ಟಿಕೆಟ್ ಕೊಡುತ್ತಾರೋ ಅವರ ಸಿದ್ಧಾಂತದಲ್ಲಿ ಅವರಿಗೆ ಬಾಲ್ಯದಿಂದಲೂ ನಂಬಿಕೆ. ಸದ್ಯಕ್ಕೆ ಮಂಡ್ಯದ ಮುಖಂಡರೊಬ್ಬರು ಹೊಸ ವರ್ಷದ ದಿನ ಮಧ್ಯಾಹ್ನದ ಊಟಕ್ಕೆ ಬರಲು ಒಪ್ಪಿದ್ದರು. ಮಂಡಿಯ ಬಯಲಿನಲ್ಲಿ ಶಾಮಿಯಾನ, ಊರಿಗೆಲ್ಲ ಊಟ. ಮೇಜಿನ ಉಸ್ತುವಾರಿ ಸೊಸೆ ಪವಿತ್ರಳದು. ಪವಿತ್ರ ಮೈಸೂರಿನಲ್ಲಿ ಓದಿದವಳು, ಮೊಬೈಲಿನಲ್ಲಿ ದೇಶ ವಿದೇಶದ ಮೇಜುಗಳನ್ನು ನೋಡಿದವಳು.

"ಥೀಮು ಹಿಮ ಅಂಕಲ್" ಎಂದಳು ಮರಿಯಯ್ಯನಿಗೆ. "ಎಲ್ಲಾ ಬಿಳೀ ಇರ್ಬೇಕು. ಹಿಮ ಬಿದ್ದಿರೋ ಥರ."

ಮರಿಯಯ್ಯ ಆಕಾಶ ನೋಡಿದ. ಆಕಾಶದಲ್ಲಿ ನಾಗಮಂಗಲದ ಬಿಸಿಲಿತ್ತು. "ಬೀಳುಸ್ಬೋದು ಕಣವ್ವ" ಎಂದ.

"ಮಧ್ಯದಲ್ಲಿ ಎರಡು ಕಲ್ಲಂಗಡಿ. ಒಂದ್ರಲ್ಲಿ ಮಾವನವ್ರು, ಇನ್ನೊಂದ್ರಲ್ಲಿ ಚೀಫ್ ಗೆಸ್ಟು. ಹೆಸರು ಮಾತ್ರ ಕ್ಯಾರೆಟ್ಟಲ್ಲಿ ಬೇಡ ಅಂಕಲ್, ಹಳೇದಾಯ್ತು. ಥರ್ಮೊಕೋಲಲ್ಲಿ ಕಟ್ ಮಾಡ್ಸಿ ಮಿಂಚು ಹಾಕ್ಸಿದೀನಿ."

ನಂಜಪ್ಪ ಒಳಗಿನಿಂದ ಬಂದು ಒಂದೇ ಮಾತು ಹೇಳಿದರು: "ಲೇ ಮರಿಯಯ್ಯ, ಅವರ್ ಮೊಕ ಒಸಿ ದೊಡ್ದಾಗ್ ಬರ್ಲಿ ಕಣ್ಲಾ. ನಂದ್ ಚಿಕ್ಕದಿದ್ರೂ ನಡೀತದೆ. ಆದ್ರೆ ಸ್ಯಾನೆ ಚಿಕ್ಕದ್ ಬ್ಯಾಡ."

ಹೊಸ ವರ್ಷದ ಬೆಳಿಗ್ಗೆ ಮಂಡಿಯ ಬಯಲು ನೋಡುವಂತಿತ್ತು. ಮೇಜಿನ ಮೇಲೆ ಹತ್ತಿ ಹಾಸಿ, ಅದರ ಮೇಲೆ ಥರ್ಮೊಕೋಲ್ ಪುಡಿ ಚೆಲ್ಲಿದ್ದರು. ಇಡ್ಲಿಯ ಮೇಲೆ ಇಡ್ಲಿ ಪೇರಿಸಿ, ಮೆಣಸಿನ ಕಾಳಿನ ಕಣ್ಣು, ಕ್ಯಾರೆಟ್ಟಿನ ಮೂಗು ಇಟ್ಟು ಹಿಮದ ಗೊಂಬೆಗಳನ್ನು ನಿಲ್ಲಿಸಿದ್ದರು. ರಾಗಿ ಉಂಡೆಗಳು ಕೊಬ್ಬರಿ ತುರಿಯಲ್ಲಿ ಹೊರಳಿ, ತಾವು ರಾಗಿಯೇ ಅಲ್ಲವೆಂಬಂತೆ ಕುಳಿತಿದ್ದವು. ಗಾಜಿನ ಲೋಟಗಳಲ್ಲಿ ನೀಲಿ ಬಣ್ಣದ ನಿಂಬೆ ಪಾನಕ. ಸಿದ್ದಲಿಂಗಮ್ಮ ತನ್ನಪ್ಪನನ್ನೂ ಕರೆದುಕೊಂಡು ಊಟಕ್ಕೆ ಬಂದಿದ್ದಳು. ಅವಳು ಲೋಟವನ್ನು ಬಿಸಿಲಿಗೆ ಹಿಡಿದು ನೋಡಿ, "ಬಟ್ಟೆ ಅದ್ದೋ ನೀಲಿ ಇದ್ದಂಗೈತೆ, ಕುಡ್ದ್ರೆ ಕಳ್ಳು ಬೆಳ್ಳಗಾಗ್ತವೇನೋ" ಎಂದು ಹಾಗೆಯೇ ಕೆಳಗಿಟ್ಟಳು. ಅವಳು ಹೇಳಿದ್ದು ಕರುಳನ್ನು.

ನಡುವೆ ಎರಡು ಕಲ್ಲಂಗಡಿಗಳು. ನಿಜ ಹೇಳಬೇಕೆಂದರೆ ಮರಿಯಯ್ಯ ಅಷ್ಟು ಮನಸ್ಸಿಟ್ಟು ಎಂದೂ ಕೆತ್ತಿರಲಿಲ್ಲ. ಮುಖಂಡರ ಫೋಟೋವನ್ನು ಮೊಬೈಲಿನಲ್ಲಿ ಎದುರಿಗೆ ನಿಲ್ಲಿಸಿಕೊಂಡೇ ಚಾಕು ಹಿಡಿದಿದ್ದ. ಅವರಿಗೆ ಕನ್ನಡಕ ಇತ್ತು, ಕನ್ನಡಕ ಕೆತ್ತಿದ್ದ. ಕನ್ನಡಕ ಒಬ್ಬರಿಗೇ ಇದ್ದರೆ ಇನ್ನೊಬ್ಬರಿಗೆ ಬೇಜಾರಾದೀತೆಂದು ನಂಜಪ್ಪನವರಿಗೂ ಒಂದು ಕನ್ನಡಕ ದಯಪಾಲಿಸಿದ್ದ.

ಶಾಮಿಯಾನದ ಹಿಂದೆ ನಾಟಿ ಕೋಳಿ ಸಾರು ಕುದಿಯುತ್ತಿತ್ತು, ಮುದ್ದೆ ಕಟ್ಟುತ್ತಿದ್ದರು. ಜನವೆಲ್ಲ ಮೂಗಿನ ದಾರಿ ಹಿಡಿದು ಹಿಂದುಗಡೆಗೇ ಹೋಗಿತ್ತು. ಮುಂದಿನ ಹಿಮದ ಮೇಜಿನ ಹತ್ತಿರ ಪವಿತ್ರ, ಫೋಟೋದವನು, ಮತ್ತೆ ಕುರ್ಚಿ ಎಲ್ಲಿ ಖಾಲಿ ಇದೆಯೋ ಅಲ್ಲಿ ಕೂರುವ ಶಿವಲಿಂಗಯ್ಯ, ಇಷ್ಟೇ ಜನ. ಶಿವಲಿಂಗಯ್ಯ ಹಸಿವು ತಡೆಯಲಾರದೆ ಹಿಮದ ಗೊಂಬೆಯೊಂದರ ತಲೆ ಎತ್ತಿಕೊಂಡು ತಿಂದಿದ್ದರು.

ಮುಖಂಡರ ಕಾರು ಬಂತು. ಪಟಾಕಿ ಹೊಡೆದರು. ಜನ ಕೋಳಿ ಸಾರಿನ ವಾಸನೆಯನ್ನು ಅರ್ಧಕ್ಕೆ ಬಿಟ್ಟು ಮುಂದೆ ಓಡಿಬಂದರು. ಆಗಲೇ, ಇಷ್ಟು ಹೊತ್ತು ಎಲ್ಲಿತ್ತೋ ಏನೋ, ಬಯಲಿನ ಗಾಳಿ ಎದ್ದಿತು. ಒಂದೇ ಬೀಸಿಗೆ ನಾಗಮಂಗಲದಲ್ಲಿ ನಿಜಕ್ಕೂ ಹಿಮಪಾತವಾಯಿತು. ಥರ್ಮೊಕೋಲ್ ಪುಡಿಯೆಲ್ಲ ಎದ್ದು ಜನರ ತಲೆ, ಮೀಸೆ, ನೀಲಿ ಪಾನಕ, ಹಿಂದುಗಡೆಯ ಸಾರಿನ ಕೊಪ್ಪರಿಗೆ, ಎಲ್ಲಕ್ಕೂ ಸಮನಾಗಿ ಬಿತ್ತು. ಮಿಂಚು ಹಾಕಿದ ಎರಡು ಹೆಸರುಗಳೂ ಹಾರಿ ಮಂಡಿಯ ಹೆಂಚಿನ ಮೇಲೆ ಕುಳಿತವು.

ಮರಿಯಯ್ಯ ಅವುಗಳ ಹಿಂದೆ ಓಡಿ, ಸಿಗದೆ, ಮೇಜಿನ ಹತ್ತಿರ ಬಂದು ನಿಂತ. ನಂಜಪ್ಪ ಹಲ್ಲು ಕಚ್ಚಿಕೊಂಡು ಅವನ ಕಿವಿಯ ಹತ್ತಿರ ಬಂದರು.

"ಲೇ, ನಾನ್ ಯಾವುದ್ಲಾ?"

ಮರಿಯಯ್ಯ ಎಡಕ್ಕೆ ನೋಡಿದ, ಬಲಕ್ಕೆ ನೋಡಿದ. ಎರಡೂ ಕಡೆಯಿಂದ ಕನ್ನಡಕ ಹಾಕಿದ ಒಂದೇ ಮುಖ ಅವನನ್ನು ನೋಡುತ್ತಿತ್ತು. "ಎಡಗಡೇದು ಅನ್ಸುತ್ತೆ ಕಣಣ್ಣ."

"ಅನ್ಸುತ್ತೆ ಅಂದ್ರೆ?"

ಅಷ್ಟರಲ್ಲಿ ಮುಖಂಡರು ಮೇಜಿನ ಎದುರು ಬಂದಾಗಿತ್ತು. ಅವರು ಹುಬ್ಬಿನ ಮೇಲಿನ ಹಿಮ ಒರೆಸಿಕೊಂಡು ಕಲ್ಲಂಗಡಿಗಳನ್ನು ನೋಡಿದರು. "ಚೆನ್ನಾಗಿದೆ, ಚೆನ್ನಾಗಿದೆ. ಇವರು ಯಾರು ನಂಜಪ್ಪ?"

ನಂಜಪ್ಪ ಲೆಕ್ಕ ಹಾಕಿದರು. ನೀವೇ ಎಂದು ಹೇಳಿ ಅವರಿಗೆ ಸಿಟ್ಟು ಬಂದರೆ? ನಾನು ಎಂದು ಹೇಳಿದರೆ ಎರಡೂ ನೀನೇನಾ ಎಂದು ಕೇಳಿದರೆ? ಮುಖಂಡರ ಕಣ್ಣು ಮೇಜಿನುದ್ದಕ್ಕೂ ಹರಿದು ಕೊನೆಯ ಕುರ್ಚಿಯ ಮೇಲೆ ನಿಂತಿತು. ಅಲ್ಲಿ ಶಿವಲಿಂಗಯ್ಯ ಕೂತಿದ್ದರು. ಜೋತುಬಿದ್ದ ಕೆನ್ನೆ, ಅಗಲ ಕಿವಿ, ತುಟಿ ಮುಂದೆ. ಮುಖಂಡರು ಹಣ್ಣು ನೋಡಿದರು, ಮುದುಕರನ್ನು ನೋಡಿದರು, ಮತ್ತೆ ಹಣ್ಣು ನೋಡಿದರು.

"ಓಹೋ! ಇವರೇ ಅಲ್ವಾ!"

ಜನವೆಲ್ಲ ಕತ್ತು ತಿರುಗಿಸಿತು. ಇವರೇ. ಅದರಲ್ಲಿ ಅನುಮಾನಕ್ಕೆ ಎಡೆಯೇ ಇರಲಿಲ್ಲ.

"ನಿಮ್ಮ ತಂದೆಯವರಾ ನಂಜಪ್ಪ?"

ನಂಜಪ್ಪನವರ ತಂದೆ ತೀರಿಹೋಗಿ, ಮಂಡಿಯ ಗೋಡೆಯ ಮೇಲೆ ಹಾರ ಹಾಕಿಸಿಕೊಂಡು ನೇತಾಡುತ್ತಿದ್ದರು. ಆದರೂ ನಂಜಪ್ಪ ಟಿಕೆಟ್ ಬಯಸುವ ಮನುಷ್ಯ. "ಅಲ್ಲ ಸಾರ್. ಅಂದ್ರೆ, ತಂದೆ ಸಮಾನ" ಎಂದರು.

ಮುಖಂಡರಿಗೆ ಭಾಷಣಕ್ಕೆ ಇಷ್ಟು ಸಾಕಿತ್ತು. ಅಲ್ಲೇ ಮೈಕು ತರಿಸಿಕೊಂಡರು. ಇವತ್ತಿನ ರಾಜಕಾರಣಿಗಳು ತಮ್ಮ ಮುಖವನ್ನೇ ಕಂಬಕಂಬಕ್ಕೆ ಕಟ್ಟಿಸಿಕೊಳ್ಳುತ್ತಾರೆ, ಹಣ್ಣಿನಲ್ಲೂ ಕೆತ್ತಿಸಿಕೊಳ್ಳುವ ಕಾಲ ಬಂದಿದೆ, ಅಂಥದರಲ್ಲಿ ಊರಿನ ಹಿರಿಯರೊಬ್ಬರ ಮುಖವನ್ನು ಒಂದಲ್ಲ ಎರಡು ಕಲ್ಲಂಗಡಿಯಲ್ಲಿ ಕೆತ್ತಿಸಿ ಗೌರವಿಸಿದ ನಂಜಪ್ಪನವರದು ದೊಡ್ಡ ಮನಸ್ಸು, ಇದು ನಮ್ಮ ಸಂಸ್ಕೃತಿ ಎಂದರು. ತಮಗೆಂದು ತಂದಿದ್ದ ಶಾಲನ್ನು ಶಿವಲಿಂಗಯ್ಯನವರಿಗೆ ಹೊದಿಸಿದರು. ಪೇಟ ಇಟ್ಟರು. ಬಗ್ಗಿ ಕಾಲು ಮುಟ್ಟಿದರು. ಮುಖಂಡರು ಮುಟ್ಟಿದ ಮೇಲೆ ನಂಜಪ್ಪ ಮುಟ್ಟದಿರಲು ಆಗುತ್ತದೆಯೇ? ಅವರೂ ಮುಟ್ಟಿದರು.

"ಚೆಂದಾಗಿರಪ್ಪ" ಎಂದು ಶಿವಲಿಂಗಯ್ಯ ಇಬ್ಬರಿಗೂ ಆಶೀರ್ವಾದ ಮಾಡಿ, "ಊಟ ಎಷ್ಟೊತ್ತಿಗೆ?" ಎಂದು ಕೇಳಿದರು.

ಚಪ್ಪಾಳೆಯ ನಡುವೆ ಹಿಂದಿನ ಸಾಲಿನಿಂದ ಒಂದು ದನಿ ಎದ್ದಿತು. "ಅಲ್ಲ ಕಣ್ಲಾ, ನಮ್ ಉಡ್ಗಿ ಮದ್ವೇಲೂ ಇದೇ ಮೊಕ ಇತ್ತು!"

ಅಷ್ಟೇ. ಜನ ಮೊಬೈಲು ತೆಗೆದು ಹಳೆಯ ಫೋಟೋಗಳನ್ನು ಸರಿಸತೊಡಗಿದರು. ಮಗಳ ಮದುವೆ, ತಮ್ಮನ ಮದುವೆ, ಬೀಗರ ಮನೆಯ ಸೀಮಂತ. ಎಲ್ಲಿ ನೋಡಿದರೂ ಶಿವಲಿಂಗಯ್ಯ. ವರನಾಗಿ ಶಿವಲಿಂಗಯ್ಯ, ಬೈತಲೆಬೊಟ್ಟು ಇಟ್ಟ ವಧುವಾಗಿ ಶಿವಲಿಂಗಯ್ಯ, ತೊಟ್ಟಿಲಲ್ಲಿ ಮಲಗಿದ ಶಿವಲಿಂಗಯ್ಯ. ಥೇಟ್ ನಮ್ಮ ಹುಡುಗಿಯೇ ಎಂದು ಕಣ್ಣೀರು ಹಾಕಿದ್ದ ತಾಯಿಯೊಬ್ಬಳು ಫೋಟೋವನ್ನೂ ಮುದುಕರನ್ನೂ ನೋಡಿ ಸೆರಗಿನಿಂದ ಬಾಯಿ ಮುಚ್ಚಿಕೊಂಡಳು. ಶಾಮಿಯಾನ ಹಾರಿಹೋಗುವಂತೆ ನಗು ಎದ್ದಿತು.

ಮರಿಯಯ್ಯ ಅಲ್ಲಿ ನಿಲ್ಲಲಿಲ್ಲ. ಮಂಡಿಯ ಹಿಂದೆ ಪೇರಿಸಿದ್ದ ಕೊಬ್ಬರಿ ಚೀಲಗಳ ಮರೆಗೆ ಹೋಗಿ ಕುಳಿತ. ನಗುವವರ ಮೇಲೆ ಅವನಿಗೆ ಸಿಟ್ಟಿರಲಿಲ್ಲ. ಇಷ್ಟು ವರ್ಷ ತಾನು ಒಂದೊಂದು ಮುಖವನ್ನೂ ಬೇರೆಬೇರೆಯೆಂದೇ ನಂಬಿ, ಕಣ್ಣು ಕಿರಿದು ಮಾಡಿ, ಉಸಿರು ಹಿಡಿದು ಕೆತ್ತಿದ್ದನಲ್ಲ, ಆಗೆಲ್ಲ ತನ್ನ ಕೈ ಬೇರೇನನ್ನೋ ಮಾಡುತ್ತಿತ್ತಲ್ಲ ಎಂಬುದು ಅವನಿಗೆ ಸಹಿಸಲಾಗಲಿಲ್ಲ. ಕೈಗಳನ್ನು ಮಡಿಲಲ್ಲಿಟ್ಟುಕೊಂಡು, ಯಾರದೋ ಕೈ ಎಂಬಂತೆ ನೋಡುತ್ತ ಕುಳಿತ.

ಸಿದ್ದಲಿಂಗಮ್ಮ ಹುಡುಕಿಕೊಂಡು ಬಂದಳು. ಕೈಯಲ್ಲಿ ಮುದ್ದೆ, ಸಾರಿನ ತಟ್ಟೆ. ಸಾರಿನ ಮೇಲಿನ ಥರ್ಮೊಕೋಲನ್ನು ಬೆರಳಿನಿಂದ ಆಯ್ದು ಹಾಕಿ, "ಉಣ್ಣಿ" ಎಂದು ಮುಂದಿಟ್ಟಳು.

"ನಿಂಗ್ ಗೊತ್ತಿತ್ತೇನಮ್ಮಿ?"

"ಏನು?"

"ಎಲ್ಲಾನೂ ಮಾವನ್ ಮೊಕಾನೇ ಅಂತ."

"ಮದ್ಲಿಂದ್ಲೂ ಗೊತ್ತಿತ್ತು."

"ಮತ್ ಯಾಕ್ ಏಳ್ನಿಲ್ಲ?"

ಸಿದ್ದಲಿಂಗಮ್ಮ ಚೀಲಕ್ಕೆ ಒರಗಿ ಕೂತಳು. "ನಮ್ಮಪ್ಪನ್ನ ಯಾರ್ ಮದ್ವೆಗ್ ಓದ್ರೂ ಇಂದ್ಗಡೆ ಕುರ್ಚೀಗ್ ತಳ್ಳೋರು. ನೀವು ಎಲ್ರ ಮದ್ವೇಲೂ ಮುಂದ್ಗಡೆ ಕುಂಡ್ರುಸ್ತಿದ್ರಿ. ಅದ್ಕ್ ನಾನ್ಯಾಕ್ ಬ್ಯಾಡ ಅನ್ಲಿ?"

ಮರಿಯಯ್ಯ ಈ ಸಲ ಆಕಾಶ ನೋಡಲಿಲ್ಲ. ಮುದ್ದೆ ಮುರಿದ.

ಮರುದಿನದಿಂದ ಅವನು ಮನೆಯಿಂದ ಹೊರಗೆ ಬರಲಿಲ್ಲ. ಕಾರ್ಡುಗಳನ್ನು ಒಲೆಗೆ ಹಾಕಲು ಹೋದ. ಸಿದ್ದಲಿಂಗಮ್ಮ ಕಿತ್ತುಕೊಂಡು ಸಾಸಿವೆ ಡಬ್ಬಿಯ ಪಕ್ಕ ಇಟ್ಟಳು. ಅತ್ತ ನಂಜಪ್ಪನವರ ಹೆಸರು ಮಾತ್ರ ಮೇಲೇರುತ್ತಿತ್ತು. ಅವರು ಮುದುಕರ ಕಾಲು ಮುಟ್ಟುವ ಫೋಟೋ ಮೊಬೈಲಿನಿಂದ ಮೊಬೈಲಿಗೆ ಹೋಗಿ, 'ಹಿರಿಯರ ಪಾಲಿನ ಮಗ' ಎಂಬ ಬಿರುದು ತಂದುಕೊಟ್ಟಿತ್ತು. ಅಂಥ ಮಗ ಮರಿಯಯ್ಯನನ್ನು ಬೈಯುವ ಹಾಗೂ ಇರಲಿಲ್ಲ, ಬಿಡುವ ಹಾಗೂ ಇರಲಿಲ್ಲ. ಸಂಕ್ರಾಂತಿಗೆ ನಾಲ್ಕು ದಿನ ಇರುವಾಗ ಹೇಳಿಕಳಿಸಿದರು.

ಮರಿಯಯ್ಯ ಅಂಜುತ್ತಲೇ ಹೋದ. ನಂಜಪ್ಪ ಕುರ್ಚಿ ತೋರಿಸಿದರು.

"ಸಂಕ್ರಾಂತಿಗೆ ಎಳ್ಳು ಬೀರಕೆ ಬೀದಿ ಎಣ್ಮಕ್ಳೆಲ್ಲ ಬತ್ತಾವ್ರೆ. ಮೇಜು ನೀನೇ ಮಾಡ್ಬೇಕು ಕಣ್ಲಾ. ಆದ್ರೆ ಮೊಕ ಬ್ಯಾಡ."

"ಇಲ್ಲ ಕಣಣ್ಣ. ಇನ್ ಮೊಕದ್ ತಂಟೆಗೇ ಓಗಕಿಲ್ಲ. ತಾವರೆ ಊವ ಮಾಡ್ಕೊಡ್ಲಾ? ಚೆಂದಾಗ್ ಬತ್ತದೆ."

ನಂಜಪ್ಪ ಎದ್ದು ಬಾಗಿಲು ಹಾಕಿ ಬಂದರು. "ತಾವರೆ ಗೀವರೆ ಅಂದ್ರೆ ನೋಡು! ಟಿಕೀಟು ಯಾವ್ ಕಡೆಯಿಂದ್ ಬತ್ತದೋ ನಂಗೇ ಗೊತ್ತಿಲ್ಲ. ತಾವರೆ ಬ್ಯಾಡ, ಕೈ ಬ್ಯಾಡ, ತೆನೆ ಒತ್ತಿರೋ ಎಂಗ್ಸು ಮದ್ಲೇ ಬ್ಯಾಡ."

"ಮತ್ತೇನ್ ಮಾಡ್ಲಿ ಅಣ್ಣ?"

ಯಾವ ಪಕ್ಷಕ್ಕೂ ಸೇರದ, ಯಾರಿಗೂ ನೋವಾಗದ, ನಾಳೆ ಯಾವ ಕಡೆ ವಾಲಿದರೂ ತಮಗೆ ಅಡ್ಡ ಬಾರದ ಒಂದು ಜೀವಿಯನ್ನು ನಂಜಪ್ಪ ಮನಸ್ಸಿನಲ್ಲೇ ಹುಡುಕಿದರು.

"ಬಾತುಕೋಳಿ" ಎಂದರು ಕೊನೆಗೆ.

ಸಂಕ್ರಾಂತಿಯ ಸಂಜೆ ನಂಜಪ್ಪನವರ ನಡುಮನೆಯ ಮೇಜಿಗೆ ಹಿಮ ಇರಲಿಲ್ಲ. ಕಬ್ಬಿನ ಜಲ್ಲೆ, ಅವರೆಕಾಯಿ, ಎಲಚಿ ಹಣ್ಣು, ತಟ್ಟೆ ತುಂಬ ಎಳ್ಳು ಬೆಲ್ಲ, ಸಕ್ಕರೆ ಅಚ್ಚು. ನಡುವೆ ಮರಿಯಯ್ಯನ ಕಲ್ಲಂಗಡಿ ಬಾತುಕೋಳಿ. ಕತ್ತು ಕೊಂಚ ದಪ್ಪವಾಗಿತ್ತು, ರೆಕ್ಕೆ ಚೆನ್ನಾಗಿ ಬಂದಿತ್ತು, ಬೆನ್ನಿನಲ್ಲಿ ಹಣ್ಣಿನ ತುಂಡುಗಳನ್ನು ತುಂಬಿದ್ದ. ಅವನು ಬಾಗಿಲ ಪಕ್ಕ ನಿಂತು ಬಂದವರ ಮುಖವನ್ನೇ ನೋಡುತ್ತಿದ್ದ. ಯಾರೂ ಫೋಟೋ ತೆಗೆಯಲಿಲ್ಲ. ಇದು ಯಾರು ಎಂದು ಯಾರೂ ಕೇಳಲಿಲ್ಲ. ಒಬ್ಬ ಅಜ್ಜಿ ಬಂದು ಬಾತುಕೋಳಿಯ ಬೆನ್ನಿಗೆ ಕೈ ಹಾಕಿ ಒಂದು ತುಂಡು ತೆಗೆದು ಬಾಯಿಗಿಟ್ಟುಕೊಂಡಳು. "ಸೀಯಾಗೈತೆ ಕಣ್ರವ್ವ" ಎಂದಳು. ಆಮೇಲೆ ಹೆಂಗಸರು, ಮಕ್ಕಳು ಎಲ್ಲ ಮುತ್ತಿಕೊಂಡರು. ಬೆನ್ನು ಖಾಲಿಯಾಯಿತು. ಯಾರೋ ಮಗುವಿಗೆ ರೆಕ್ಕೆ ಮುರಿದುಕೊಟ್ಟರು.

ಪವಿತ್ರ ಗಾಬರಿಯಾಗಿ ಬಂದಳು. "ಅಂಕಲ್, ತಿಂತಾ ಇದಾರೆ!"

"ತಿನ್ಲಿ ಬುಡವ್ವ" ಎಂದ ಮರಿಯಯ್ಯ. ಮುಂದೆ ಹೋಗಿ, ಜೋಳಿಗೆಯಿಂದ ಚಾಕು ತೆಗೆದು, ಇನ್ನೂ ಉಳಿದಿದ್ದ ಕತ್ತನ್ನು ತೆಳ್ಳಗೆ ಹೆಚ್ಚಿ, ಉಪ್ಪು ಖಾರ ಉದುರಿಸಿ, ತಟ್ಟೆಗೆ ಹಾಕಿ ಕೊಟ್ಟ.